14 ಅಡಿ ದೂರದಲ್ಲಿ ಇ ಚಾರ್ಟ್: ಶಾಲೆಯಲ್ಲಿ 6/12, ಕ್ಯಾಂಪಿನಲ್ಲಿ 6/6. ಯಾವುದನ್ನು ನಂಬುವುದು?

ಮಳೆಶಾಲೆ (ಸಕಲೇಶಪುರ ತಾಲ್ಲೂಕು) ಕೇಳಿದ್ದು:

ನಮ್ಮದು ಹಿರಿಯ ಪ್ರಾಥಮಿಕ ಶಾಲೆ. ಮಕ್ಕಳ ಕಣ್ಣು ನೋಡೋಣ ಅಂತ ಇ ಚಾರ್ಟಿನ (ಇಂಗ್ಲಿಷ್ E ಅಕ್ಷರ ನಾಲ್ಕು ದಿಕ್ಕಿಗೆ ತಿರುಗಿರುತ್ತದಲ್ಲ, ಯಾವ ಕಡೆ ಎಂದು ಮಗು ಹೇಳಬೇಕು, ಅದು) ಪಿಡಿಎಫ್ ಇಳಿಸಿ ಪ್ರಿಂಟ್ ತೆಗೆಸಿದ್ದೇವೆ. ಕೆಳಗಡೆ "6 ಮೀಟರ್" ಎಂದು ಅಚ್ಚಾಗಿದೆ. ಆದರೆ ಕೋಣೆ ಇರುವುದೇ 16 ಅಡಿ. ಬೆಂಚಿನ ಜಾಗ ಕಳೆದರೆ ಗೋಡೆಯಿಂದ ಮಗುವಿನ ಕಣ್ಣಿಗೆ 14 ಅಡಿ ಉಳಿಯುತ್ತದೆ. ಏಳನೇ ತರಗತಿಯ ಒಬ್ಬಳು ಎರಡು ಕಣ್ಣಲ್ಲೂ 6/12 ಸಾಲಿನ ಕೆಳಗೆ ಇಳಿಯುತ್ತಿಲ್ಲ, ಅಂದರೆ ಸರಿ ಕಣ್ಣು 12 ಮೀಟರಿನಿಂದ ಓದುವುದನ್ನು ಇವಳು 6 ಮೀಟರಿನಿಂದ ಓದಬೇಕು. ಹೋದ ತಿಂಗಳು ಊರಿಗೆ ಬಂದಿದ್ದ ಕ್ಯಾಂಪಿನವರು ಅದೇ ಹುಡುಗಿಗೆ ಎರಡೂ ಕಣ್ಣು 6/6 ಅಂತ ಚೀಟಿ ಬರೆದುಕೊಟ್ಟಿದ್ದಾರೆ. ಮನೆಯವರು ಆ ಚೀಟಿ ಹಿಡಿದು "ಕನ್ನಡಕ ಯಾಕೆ ಸಾರ್" ಅಂತಿದ್ದಾರೆ.

6 ಮೀಟರಿನ ಚಾರ್ಟನ್ನು 14 ಅಡಿಯಲ್ಲಿ ಹಾಕಿದ ನಮ್ಮ ತಪ್ಪೇ ಇದು? ಹಾಗಿದ್ದರೆ ಹತ್ತಿರ ಕೂತವಳಿಗೆ ಇನ್ನೂ ಚೆನ್ನಾಗಿ ಕಾಣಬೇಕಿತ್ತಲ್ಲ? ಕೋಣೆಯನ್ನಂತೂ ಉದ್ದ ಮಾಡುವಂತಿಲ್ಲ.

ಟ್ರಯಲ್_ಫ್ರೇಮ್ (ಚಿಕ್ಕಮಗಳೂರು):

ಮೇಷ್ಟ್ರೇ, ಚಾರ್ಟಿನ ಮೇಲೆ ಅಚ್ಚಾಗಿರುವ "6 ಮೀಟರ್" ಅನ್ನೋದನ್ನು ನಂಬಬೇಡಿ. ಸ್ಕೇಲ್ ತಗೊಂಡು ಅಕ್ಷರ ಅಳೆಯಿರಿ.

6/6 ಅಂದರೆ ಲೆಕ್ಕ ಇಷ್ಟೇ: ಆ ಅಕ್ಷರ ಕಣ್ಣಿನ ಬಳಿ 5 ಮಿನಿಟಿನ ಕೋನ ಮಾಡಬೇಕು. ಮಿನಿಟ್ ಅಂದರೆ ಇಲ್ಲಿ ಗಡಿಯಾರದ್ದಲ್ಲ, ಒಂದು ಡಿಗ್ರಿಯ ಅರವತ್ತರಲ್ಲಿ ಒಂದು ಪಾಲು. ಇ ಅಕ್ಷರದಲ್ಲಿ ಮೂರು ಕಪ್ಪು ಪಟ್ಟಿ, ನಡುವೆ ಎರಡು ಬಿಳಿ ಸಂದಿ, ಒಟ್ಟು ಐದು ಪಾಲು, ಪಾಲಿಗೊಂದು ಮಿನಿಟ್. 1862ರಲ್ಲಿ ನೆದರ್ಲೆಂಡ್ಸಿನ ಹರ್ಮನ್ ಸ್ನೆಲೆನ್ ತಮ್ಮ ಅಕ್ಷರಗಳನ್ನು ಕೂರಿಸಿದ್ದು ಇದೇ 5×5 ಚೌಕಟ್ಟಿನಲ್ಲಿ.

ಸೂತ್ರ: 6/6 ಅಕ್ಷರದ ಎತ್ತರ = ದೂರ × 0.001454. ದೂರವನ್ನು ಮಿಲಿಮೀಟರಿನಲ್ಲಿ ಹಾಕಿದರೆ ಉತ್ತರವೂ ಮಿಲಿಮೀಟರಿನಲ್ಲೇ ಬರುತ್ತದೆ. 6 ಮೀಟರಿಗೆ 8.73, 3 ಮೀಟರಿಗೆ 4.36. ಮೇಲಿನ ದೊಡ್ಡ ಅಕ್ಷರ, ಅಂದರೆ 6/60, ಇದರ ಹತ್ತರಷ್ಟು. ಅಳೆಯುವಾಗ ಆ ದೊಡ್ಡದನ್ನೇ ಅಳೆಯಿರಿ. 8.7 ಮಿ.ಮೀ. ಅಕ್ಷರದ ಮೇಲೆ ಸ್ಕೇಲಿಟ್ಟು ಅರ್ಧ ಮಿ.ಮೀ. ತಪ್ಪಿದರೂ ಆರು ಪರ್ಸೆಂಟ್ ಹೋಯಿತು. ದೊಡ್ಡ ಅಕ್ಷರದಲ್ಲಿ ಅದೇ ತಪ್ಪು ಲೆಕ್ಕಕ್ಕೇ ಬರುವುದಿಲ್ಲ.

ಎರಡು ಅಳತೆ ಹಾಕಿ: ನಿಮ್ಮ ಚಾರ್ಟಿನ 6/60 ಎಷ್ಟು ಮಿ.ಮೀ.? ಕ್ಯಾಂಪಿನಲ್ಲಿ ಎಷ್ಟು ದೂರದಿಂದ ನೋಡಿದರು, ಅವರ ಚಾರ್ಟ್ ಎಷ್ಟು ದೊಡ್ಡದಿತ್ತು?

ಮಳೆಶಾಲೆ:

ಅಳೆದೆ ಸಾರ್. ನಮ್ಮ 6/60 ಅಕ್ಷರ 62 ಮಿ.ಮೀ. ಫೈಲ್ ಎ3 ಅಳತೆಯದ್ದಂತೆ, ಜೆರಾಕ್ಸ್ ಅಂಗಡಿಯಲ್ಲಿ ಎ4ಗೆ ಹಾಕಿಕೊಟ್ಟಿದ್ದಾರೆ.

ಕ್ಯಾಂಪ್ ನಡೆದ ಸಭಾಭವನದಲ್ಲಿ ಅವರ ಪ್ಲಾಸ್ಟಿಕ್ ಚಾರ್ಟ್ ಇನ್ನೂ ನೇತಾಡುತ್ತಿದೆ. ಅದರ ಮೇಲಿನ ಅಕ್ಷರ 87 ಮಿ.ಮೀ. ನೆಲದ ಮೇಲೆ ಸೀಮೆಸುಣ್ಣದ ಗೆರೆ ಗೋಡೆಯಿಂದ 10 ಅಡಿಗೆ ಇದೆ.

ಬೆಳಕಿನ_ಪಾಠ (ಹಾಸನ):

ಮೇಷ್ಟ್ರ ಶಾಲೆಯಲ್ಲಿ ಎರಡು ತಪ್ಪು ಸೇರಿ ಒಂದು ಸರಿ ಆಗಿದೆ! ಎ3 ಹಾಳೆಯನ್ನು ಎ4ಗೆ ಇಳಿಸಿದರೆ ಎಲ್ಲವೂ 0.707ಕ್ಕೆ ಕುಗ್ಗುತ್ತದೆ. 87.3 ಇದ್ದದ್ದು 61.7 ಆಗುತ್ತದೆ, ಸ್ಕೇಲಿನಲ್ಲಿ 62. ಈಗ ದೂರ: 14 ಅಡಿ ಅಂದರೆ 4.27 ಮೀಟರ್. ಆ ದೂರಕ್ಕೆ 6/60 ಅಕ್ಷರ ಎಷ್ಟಿರಬೇಕು? 4267 × 0.01454 = 62 ಮಿ.ಮೀ. ಹಾಳೆ ಕುಗ್ಗಿದ ಪ್ರಮಾಣ ಮತ್ತು ಕೋಣೆ ಕುಗ್ಗಿದ ಪ್ರಮಾಣ ಒಂದೇ. "6 ಮೀಟರ್" ಅನ್ನುವ ಅಕ್ಷರ ಸುಳ್ಳು, ಚಾರ್ಟ್ ನಿಜ. ಅದನ್ನು ಹೊಡೆದುಹಾಕಿ "14 ಅಡಿ" ಅಂತ ಬರೆದುಬಿಡಿ. ಅಕಸ್ಮಾತ್ ಯಾರಾದರೂ ಪುಣ್ಯಾತ್ಮರು ಉದ್ದದ ಹಾಲ್ ಸಿಕ್ಕಿತು ಅಂತ ಈ ಹಾಳೆಯನ್ನು 20 ಅಡಿಗೆ ಒಯ್ದರೆ, ಸರಿಯಾಗಿ ಕಾಣುವ ಮಕ್ಕಳಲ್ಲೂ ಅನೇಕರು ನಪಾಸಾಗುತ್ತಾರೆ.

ಕ್ಯಾಂಪಿನದು ನೋಡಿ. 87 ಮಿ.ಮೀ. ಅಂದರೆ ಅಪ್ಪಟ 6 ಮೀಟರಿನ ಚಾರ್ಟ್. ಅದನ್ನು 3.05 ಮೀಟರಿನಿಂದ ಓದಿಸಿದ್ದಾರೆ. ಅರ್ಧ ದೂರದಲ್ಲಿ ಅಕ್ಷರದ ಕೋನ ಎರಡರಷ್ಟು. ಅಲ್ಲಿ "6/6" ಸಾಲು ಓದಿದವಳು ನಿಜಕ್ಕೂ ಓದಿದ್ದು 6/12. ಎರಡು ಕಡೆಯೂ ಉತ್ತರ ಒಂದೇ ಬಂದಿದೆ, ಚೀಟಿಯಲ್ಲಿ ಬರೆದ ಅಂಕಿ ಮಾತ್ರ ಬೇರೆ. 10 ಅಡಿಯಲ್ಲೇ ನೋಡಬೇಕಿದ್ದರೆ 44 ಮಿ.ಮೀ. ಅಕ್ಷರದ 3 ಮೀಟರ್ ಚಾರ್ಟ್ ಬೇರೆಯೇ ಸಿಗುತ್ತದೆ, ಅದನ್ನು ಬಳಸಬೇಕಿತ್ತು. ಮನೆಯವರಿಗೆ ಹೇಳುವುದು ಸುಲಭ: ಆ ಸಭಾಭವನಕ್ಕೇ ಕರೆದುಕೊಂಡು ಹೋಗಿ, ಅದೇ ಚಾರ್ಟನ್ನು 20 ಅಡಿಯಿಂದ ಓದಿಸಿ ತೋರಿಸಿ.

ಐದು ಮಿನಿಟೇ ಯಾಕೆ ಅಂತ ಮಕ್ಕಳು ಕೇಳಿದರೆ: ಕಣ್ಣಿನೊಳಗೆ ಬಿಂಬ ಮೂಡುವ ಲೆಕ್ಕಕ್ಕೆ ಬೇಕಾದ ದೂರ ಸುಮಾರು 17 ಮಿ.ಮೀ. ಅಷ್ಟರಲ್ಲಿ ಒಂದು ಮಿನಿಟಿನ ಸಂದಿ ಕಣ್ಣಿನ ಹಿಂದಿನ ಪರದೆ ರೆಟಿನಾದ ಮೇಲೆ ಸುಮಾರು 5 ಮೈಕ್ರಾನ್ (ಮಿ.ಮೀ.ನ ಸಾವಿರದಲ್ಲಿ ಐದು ಪಾಲು) ಅಗಲಕ್ಕೆ ಬೀಳುತ್ತದೆ. ದೃಷ್ಟಿಯ ನಟ್ಟನಡುವೆ ಇರುವ, ಬೆಳಕು ಹಿಡಿಯುವ ಕೋನ್ ಕೋಶಗಳು ಒಂದಕ್ಕೊಂದು ಎರಡೂವರೆ ಮೈಕ್ರಾನ್ ಆಸುಪಾಸಿನಲ್ಲಿ ಒತ್ತೊತ್ತಾಗಿ ಕೂತಿವೆ. ಎರಡು ಕಪ್ಪು ಪಟ್ಟಿ ಬೇರೆಬೇರೆ ಎಂದು ತಿಳಿಯಬೇಕಾದರೆ ನಡುವಿನ ಬಿಳಿಗೂ ಒಂದೆರಡು ಕೋಶ ಸಿಗಬೇಕಲ್ಲ. ಹಾಗಾಗಿಯೇ ಆರೋಗ್ಯವಂತ ಎಳೆಗಣ್ಣು 6/6ಕ್ಕಿಂತ ತುಸು ಮುಂದೆ, 6/5 ಅಥವಾ 6/4ರವರೆಗೂ ಹೋಗುತ್ತದೆ. 6/6 ಎಂಬುದು ನೂರಕ್ಕೆ ನೂರು ಅಂಕ ಅಲ್ಲ.

ಟ್ರಯಲ್_ಫ್ರೇಮ್:

ಲೆಕ್ಕ ಸರಿ. ಆದರೆ ಇಲ್ಲಿಗೇ ಮುಗಿಸಿದರೆ ಆಗಲ್ಲ. ಮಳೆಗಾಲದಲ್ಲಿ ಮಲೆನಾಡಿನ ಶಾಲೆ ಕೋಣೆಯೊಳಗೆ ಬೆಳಕು ಎಷ್ಟಿರುತ್ತದೆ ಅಂತ ಗೊತ್ತೇ ಇದೆ, ಕರೆಂಟೂ ಕೈಕೊಡುತ್ತದೆ.

ಕತ್ತಲಲ್ಲಿ ಪಾಪೆ ಅಗಲವಾಗುತ್ತದೆ. ಪವರ್ ಇರುವ ಕಣ್ಣಿನಲ್ಲಿ ಮಸುಕು ಎಷ್ಟಾಗುತ್ತದೆ ಅನ್ನೋದಕ್ಕೆ ಒಂದು ಸರಳ ಗುಣಾಕಾರ ಇದೆ: ಪಾಪೆಯ ಅಗಲ (ಮಿ.ಮೀ.) × ತಪ್ಪಿದ ಪವರ್ (ಡಯಾಪ್ಟರ್, ಅಂದರೆ ಕನ್ನಡಕದ ನಂಬರು) × 3.4 = ಒಂದು ಚುಕ್ಕಿ ಎಷ್ಟು ಮಿನಿಟ್ ಅಗಲಕ್ಕೆ ಹರಡುತ್ತದೆ. ಅರ್ಧ ಡಯಾಪ್ಟರ್ ಮೈನಸ್ (ದೂರದ್ದು ಮಸುಕು) ಇರುವ ಮಗುವಿಗೆ ಒಳ್ಳೆ ಬೆಳಕಿನಲ್ಲಿ ಪಾಪೆ 3 ಮಿ.ಮೀ. ಇದ್ದರೆ ಚುಕ್ಕಿ 5 ಮಿನಿಟ್ ಹರಡುತ್ತದೆ. ಮೋಡ ಕವಿದು ಪಾಪೆ 6 ಮಿ.ಮೀ. ಆದರೆ 10 ಮಿನಿಟ್. ಪವರ್ ಅದೇ, ಕಣ್ಣು ಅದೇ, ಮಸುಕು ಎರಡರಷ್ಟು. ಅದೇ ಮಗುವನ್ನು ಅರಸೀಕೆರೆ, ಕಡೂರು ಕಡೆ ಬಿಸಿಲ ಜಗಲಿಯಲ್ಲಿ ನೋಡಿದರೆ ಒಂದೆರಡು ಸಾಲು ಹೆಚ್ಚು ಓದಿದರೂ ಆಶ್ಚರ್ಯ ಇಲ್ಲ.

ಹಾಗಾಗಿ ಚಾರ್ಟಿಗೆ ಬೆಳಕು ಕಟ್ಟಿಕೊಡಿ. ಗೋಡೆಗೆ ಹಾಕುವ ಕಾಗದದ ಚಾರ್ಟಿನ ಮೇಲೆ ಸುಮಾರು 500 ಲಕ್ಸ್ (ಬೀಳುವ ಬೆಳಕಿನ ಅಳತೆ) ಬಿದ್ದರೆ ಸಾಕು. ಬಿಳಿ ಹಾಳೆ ಅದರಲ್ಲಿ ನೂರಕ್ಕೆ ಎಂಬತ್ತು ಪಾಲು ವಾಪಸು ಕೊಟ್ಟರೆ ಹೊಳಪು ಚದರ ಮೀಟರಿಗೆ 127 ಕ್ಯಾಂಡೆಲಾ ಬರುತ್ತದೆ, ಅಷ್ಟು ಬೇಕು. ಮಾಡುವುದು ಹೀಗೆ: ಚಾರ್ಟಿನ ಎಡಕ್ಕೊಂದು ಬಲಕ್ಕೊಂದು 20 ವ್ಯಾಟಿನ ಎಲ್‌ಇಡಿ ಟ್ಯೂಬ್, ಚಾರ್ಟಿನಿಂದ ಮುಕ್ಕಾಲು ಮೀಟರ್ ದೂರ, ಓರೆಯಾಗಿ. ಟ್ಯೂಬು ಮಗುವಿನ ಕಣ್ಣಿಗೆ ನೇರ ಹೊಡೆಯಬಾರದು, ಮುಂದೆ ರಟ್ಟು ಮರೆ ಮಾಡಿ. ಒಂದೇ ಕಡೆಯಿಂದ ಬೆಳಕು ಬಿಟ್ಟರೆ ಚಾರ್ಟಿನ ಇನ್ನೊಂದು ಅಂಚು ಮಂಕಾಗಿ, ಸಾಲಿನ ಕೊನೆಯ ಅಕ್ಷರವನ್ನೇ ಎಲ್ಲರೂ ತಪ್ಪುತ್ತಾರೆ. ಉತ್ತರ ಬರೆದುಕೊಂಡ ಹಾಳೆ ನೋಡಿದರೆ ಅದು ಗೊತ್ತಾಗುತ್ತದೆ. ಇನ್ವರ್ಟರ್ ಇಲ್ಲದಿದ್ದರೆ ಕರೆಂಟ್ ಇರುವ ಹೊತ್ತಿನಲ್ಲಿ ಮಾತ್ರ ನೋಡಿ.

ಕಿಟಕಿ ಪಕ್ಕದ ಗೋಡೆಗೆ ಚಾರ್ಟ್ ಹಾಕಲೇಬೇಡಿ. ಮಗು ಕಿಟಕಿಯ ಬೆಳಕಿಗೆ ಮುಖ ಕೊಟ್ಟರೆ ಆ ಬೆಳಕು ಕಣ್ಣೊಳಗೆ ಚೆದುರಿ ಕಪ್ಪು ಅಕ್ಷರ ಬೂದು ಬಣ್ಣವಾಗಿ ಕಾಣುತ್ತದೆ.

ಇನ್ನೊಂದು, ಥಂಡಿಗೆ ಹಾಳೆ ಮುದುರುತ್ತದೆ ಅಂತ ಲ್ಯಾಮಿನೇಷನ್ ಮಾಡಿಸುತ್ತಾರೆ. ಹೊಳೆಯುವ ಲ್ಯಾಮಿನೇಷನ್‌ನಲ್ಲಿ ಟ್ಯೂಬಿನ ಬಿಂಬವೇ ಒಂದು ಸಾಲನ್ನು ನುಂಗಿರುತ್ತದೆ, ಪರೀಕ್ಷೆ ಮಾಡುವವರು ಚಾರ್ಟಿನ ಪಕ್ಕ ನಿಂತಿರುವುದರಿಂದ ಅವರಿಗೆ ಕಾಣುವುದೇ ಇಲ್ಲ. ಮ್ಯಾಟ್ ಹಾಳೆ ಹಾಕಿಸಿ, ಸನ್‌ಬೋರ್ಡಿಗೆ ಅಂಟಿಸಿ. ಒಮ್ಮೆ ನೀವೇ ಮಗುವಿನ ಜಾಗದಲ್ಲಿ ಕೂತು ನೋಡಿ. ಫ್ಲೆಕ್ಸ್ ಬೇಡ, ಎಳೆದು ಕಟ್ಟಿದರೆ ಅಳತೆ ಹಿಗ್ಗುತ್ತದೆ.

ಮಳೆಶಾಲೆ:

ಹಾಳೆ ಹೊಳೆಯುವ ಲ್ಯಾಮಿನೇಷನ್ನೇ, ಬದಲಾಯಿಸುತ್ತೇನೆ. ಇನ್ನು ಪವರ್ ಇದೆಯೋ ಬೇರೆ ತೊಂದರೆಯೋ ಎಂದು ನಾವೇ ತಿಳಿಯಲು ದಾರಿ ಇದೆಯೇ? ಕೂರಿಸಿ ಓದಿಸುವ ಕ್ರಮವನ್ನೂ ಸ್ವಲ್ಪ ಹೇಳಿ.

ಟ್ರಯಲ್_ಫ್ರೇಮ್:

ಪಿನ್‌ಹೋಲ್. ಕಪ್ಪು ರಟ್ಟಿನಲ್ಲಿ ಒಂದು ಸಣ್ಣ ತೂತು, ಅದರ ಮೂಲಕ ಅದೇ ಚಾರ್ಟ್ ಓದಿಸಿ. ತೂತು 1.2 ಮಿ.ಮೀ. ಇದ್ದರೆ ಮೇಲಿನ ಗುಣಾಕಾರದಲ್ಲಿ ಪಾಪೆಯ ಜಾಗಕ್ಕೆ 1.2 ಹಾಕಿದಂತೆ: ಅರ್ಧ ಡಯಾಪ್ಟರಿನ ಮಸುಕು 2 ಮಿನಿಟಿಗೆ ಇಳಿಯುತ್ತದೆ. 6/12ರಲ್ಲಿ ನಿಂತಿದ್ದವಳು ಪಿನ್‌ಹೋಲಿನಲ್ಲಿ 6/6 ಅಥವಾ 6/9 ಓದಿದರೆ ತೊಂದರೆ ಬಹುತೇಕ ಪವರಿನದ್ದೇ, ಕನ್ನಡಕಕ್ಕೆ ಬಗ್ಗುತ್ತದೆ. ಏನೂ ಸುಧಾರಿಸಲಿಲ್ಲ ಅಂದರೆ ಸೋಮಾರಿ ಕಣ್ಣೋ, ಪೊರೆಯೋ, ರೆಟಿನಾದ ತೊಂದರೆಯೋ ಇರಬಹುದು. ಅಂಥ ಮಗುವನ್ನು ಕನ್ನಡಕದ ಅಂಗಡಿಗೆ ಕಳಿಸಬೇಡಿ, ನೇರ ಕಣ್ಣಿನ ಡಾಕ್ಟರ ಹತ್ತಿರ ಕಳಿಸಿ. ಮೈನಸ್ ಮೂರರ ಮೇಲೆ ಹೋದರೆ ಪಿನ್‌ಹೋಲೂ ಪೂರ್ತಿ ಸರಿಮಾಡಲಾರದು, ಆದರೆ ಒಂದಷ್ಟು ಸಾಲು ಇಳಿಸಿಯೇ ಇಳಿಸುತ್ತದೆ.

ಗುಂಡುಸೂಜಿಯಲ್ಲಿ ಚುಚ್ಚಿ ಕೆಲಸ ಮುಗಿಸಬೇಡಿ. ಆ ತೂತು ತೀರಾ ಸಣ್ಣದು. ಅರ್ಧ ಮಿ.ಮೀ. ತೂತಿನಲ್ಲಿ ಬೆಳಕು ಅಂಚಿನಲ್ಲಿ ಬಾಗಿ ತಾನೇ ನಾಲ್ಕೂವರೆ ಮಿನಿಟ್ ಹರಡುತ್ತದೆ, ಒಳ್ಳೆ ಕಣ್ಣಿಗೂ 6/6 ಸಿಗಲ್ಲ. 1.2 ಮಿ.ಮೀ. ಡ್ರಿಲ್ ಬಿಟ್ಟಿನಲ್ಲಿ ತೆಳು ಪ್ಲಾಸ್ಟಿಕ್ ಕೊರೆದು, ಅಂಚಿನ ಸಿಬಿರು ತೆಗೆಯಿರಿ. ಮಕ್ಕಳಿಗೆ ಒಂದೇ ತೂತು ಹಿಡಿದು ನೋಡುವುದು ಕಷ್ಟ. ಹತ್ತಿರಹತ್ತಿರ ಏಳೆಂಟು ತೂತು ಇದ್ದರೆ ತಾವೇ ಒಂದನ್ನು ಹುಡುಕಿಕೊಳ್ಳುತ್ತಾರೆ.

ಕ್ರಮಕ್ಕೆ ಬಂದರೆ, ಮೊದಲು ದೂರ. ಟೇಪು ಹಿಡಿಯಬೇಕಾದ್ದು ಚಾರ್ಟಿನಿಂದ ಕಣ್ಣಿಗೆ, ಬೆಂಚಿನ ಕಾಲಿಗಲ್ಲ. ಮಗು ಬೆನ್ನು ಆನಿಸಿ ಕೂರಲಿ. 14 ಅಡಿಯಲ್ಲಿ 20 ಸೆಂ.ಮೀ. ಮುಂದೆ ಬಾಗಿದರೆ ಒಂದು ಅಕ್ಷರದಷ್ಟು ಲಾಭ ಸಿಗುತ್ತದೆ, ಮಕ್ಕಳು ಬಾಗಿಯೇ ಬಾಗುತ್ತಾರೆ. ಬಲಗಣ್ಣು ಮೊದಲು, ಎಡ ಆಮೇಲೆ, ಯಾವಾಗಲೂ ಇದೇ ಕ್ರಮ ಇಟ್ಟುಕೊಂಡರೆ ಬರೆಯುವಾಗ ಅದಲುಬದಲಾಗಲ್ಲ. ಕೈಯಲ್ಲಿ ಕಣ್ಣು ಮುಚ್ಚಿಸಬೇಡಿ: ಬೆರಳ ಸಂದಿಯಲ್ಲಿ ಇಣುಕುತ್ತಾರೆ, ಇಲ್ಲವೇ ಅಂಗೈ ಒತ್ತಿ ಆ ಕಣ್ಣಿನ ಸರದಿ ಬಂದಾಗ ಒಂದೆರಡು ನಿಮಿಷ ಮಸುಕು ಅಂತಾರೆ. ರಟ್ಟಿನ ಸೌಟು ಮಾಡಿ ಕೊಡಿ. ಕಣ್ಣು ಕಿರಿದು ಮಾಡಿ ನೋಡಲು ಬಿಡಬೇಡಿ. ರೆಪ್ಪೆ ಕಿರಿದು ಮಾಡುವುದೂ ಒಂದು ಬಗೆಯ ಪಿನ್‌ಹೋಲೇ, ಪವರ್ ಇರುವ ಮಗು ಪಾಸಾಗಿಬಿಡುತ್ತದೆ.

ಪಾಸು ನಪಾಸು ಮಾತ್ರ ನೋಡುವುದಾದರೆ ಇಡೀ ಚಾರ್ಟೂ ಬೇಡ. 6/9 ಸಾಲು ಒಂದನ್ನೇ ಒಂದು ಕಾರ್ಡಿನಲ್ಲಿ ಮಾಡಿ, ನಿಮ್ಮ 14 ಅಡಿಗೆ ಅಕ್ಷರ 9.3 ಮಿ.ಮೀ. ಒಂದು ಕಣ್ಣು ಮುಗಿದ ಮೇಲೆ ಕಾರ್ಡನ್ನು ತಲೆಕೆಳಗು ಹಿಡಿದರೆ ಎಲ್ಲಾ ದಿಕ್ಕೂ ಬದಲಾಗುತ್ತದೆ, ಬಾಯಿಪಾಠ ಮಾಡಿದವರೂ ಸಿಕ್ಕಿಬೀಳುತ್ತಾರೆ.

ಬೆಳಕಿನ_ಪಾಠ:

ಸೇರಿಸಬೇಕಾದ್ದು ಒಂದಿದೆ. ಇ ಚಾರ್ಟಿನಲ್ಲಿ ದಿಕ್ಕು ನಾಲ್ಕೇ, ಕಣ್ಣುಮುಚ್ಚಿ ಹೇಳಿದರೂ ನಾಲ್ಕಕ್ಕೆ ಒಂದು ಸರಿ ಬರುತ್ತದೆ. ನಾಲ್ಕು ಅಕ್ಷರದ ಸಾಲಿನಲ್ಲಿ ಎರಡು ಸರಿ ಬಂದರೆ ಪಾಸು ಅಂತ ಇಟ್ಟರೆ ಬರೀ ಊಹೆಯಲ್ಲೇ ನೂರಕ್ಕೆ 26 ಸಲ ಪಾಸಾಗಬಹುದು. ಮೂರು ಸರಿ ಬೇಕು ಅಂದರೆ ಅದು ನೂರಕ್ಕೆ 5ಕ್ಕೆ ಇಳಿಯುತ್ತದೆ. ಹಾಗಾಗಿ ಮೂರಕ್ಕಿಂತ ಕಡಿಮೆ ಒಪ್ಪಬೇಡಿ. "ಕಾಣಲ್ಲ" ಅಂದ ತಕ್ಷಣ ನಿಲ್ಲಿಸಲೂ ಬೇಡಿ, "ಪರವಾಗಿಲ್ಲ, ಅಂದಾಜಿಗೆ ಹೇಳು" ಅನ್ನಿ. ಸಂಕೋಚದ ಮಕ್ಕಳು ಎರಡು ಸಾಲು ಮೊದಲೇ ಕೈಬಿಡುತ್ತಾರೆ.

ಕನ್ನಡ ಅಕ್ಷರದ ಚಾರ್ಟ್ ಹಾಕಬಾರದೇ ಅಂತ ಕೆಲವರು ಕೇಳುತ್ತಾರೆ. ದೊಡ್ಡವರಿಗೆ ಕನ್ನಡಕ ಕೊಡುವಾಗ ಅದು ಅನುಕೂಲವೇ. ಅಳತೆಗೆ ಮಾತ್ರ ತೊಡಕು. ನಮ್ಮ ಅಕ್ಷರಗಳು ದುಂಡಗೆ, ಬಹುಪಾಲಿಗೆ ತಲೆಕಟ್ಟು ಒಂದೇ ಥರ, 5×5 ಚೌಕಕ್ಕೆ ಬಗ್ಗುವುದಿಲ್ಲ. ರ ಮತ್ತು ಠ ನಡುವೆ ವ್ಯತ್ಯಾಸ ಹೊಟ್ಟೆಯೊಳಗಿನ ಒಂದು ಚುಕ್ಕಿ. ದ ಮತ್ತು ಧ ನಡುವೆ ಕೆಳಗಿನ ಒಂದು ಸೀಳು. ಆ ಚುಕ್ಕಿ, ಸೀಳು ಅಕ್ಷರದ ಐದನೇ ಒಂದು ಪಾಲಿಗಿಂತ ಚಿಕ್ಕದು. ಅದೇ ಸಾಲಿನ ಗ ಮಾತ್ರ ದೂರದಿಂದಲೇ ಗೊತ್ತಾಗುತ್ತದೆ. ಒಂದೇ ಸಾಲಿನೊಳಗೆ ಸುಲಭದ್ದೂ ಕಷ್ಟದ್ದೂ ಬೆರೆತರೆ ಸಾಲಿನ ಅಂಕಿಗೆ ಅರ್ಥ ಉಳಿಯುವುದಿಲ್ಲ.

ಕೌಂಟರ್_ಕನ್ನಡಿ (ಬೇಲೂರು):

ನಡುವೆ ಬಾಯಿ ಹಾಕ್ತೀನಿ. ನಮ್ಮ ಅಂಗಡಿಯ ಒಳಕೋಣೆ 11 ಅಡಿ. ಕನ್ನಡಿ ಹಾಕಿ 6 ಮೀಟರ್ ಮಾಡಬೇಕೋ, 3 ಮೀಟರಿನ ಚಾರ್ಟೇ ಸಾಕೋ?

ಟ್ರಯಲ್_ಫ್ರೇಮ್:

ಕನ್ನಡಿ ಹಾಕಿ. ಪವರ್ ಬರೆದುಕೊಡುವ ಜಾಗದಲ್ಲಿ 3 ಮೀಟರಿಗೆ ಒಂದು ಒಳಪೆಟ್ಟಿದೆ. 6 ಮೀಟರಿನಿಂದ ಬರುವ ಬೆಳಕು ಕಣ್ಣು ಮುಟ್ಟುವಾಗ 0.17 ಡಯಾಪ್ಟರಿನಷ್ಟೇ ಹರಡಿರುತ್ತದೆ, ಕಾಲು ಡಯಾಪ್ಟರಿಗಿಂತ ಕಡಿಮೆ, ಬಿಟ್ಟುಬಿಡಬಹುದು. 3 ಮೀಟರಿಗೆ ಅದು 0.33. ಅಲ್ಲಿ ಸ್ಪಷ್ಟ ಕಂಡ ಪವರನ್ನು ಹಾಗೇ ಬರೆದುಕೊಟ್ಟರೆ ಗಿರಾಕಿ ಬಸ್ ಬೋರ್ಡ್ ಮಂಜು ಅಂತ ವಾಪಸು ಬರುತ್ತಾರೆ. 3 ಮೀಟರಿನಲ್ಲೇ ನೋಡುವುದಾದರೆ ಕೊನೆಗೆ ಮೈನಸ್ ಕಾಲು ಸೇರಿಸಿ ಬರೆಯಿರಿ. ಮೇಷ್ಟ್ರ 14 ಅಡಿಗೂ ಈ ಕಾಲು ಇದ್ದೇ ಇದೆ, ಆದರೆ ಅವರು ಪವರ್ ಬರೆಯುವವರಲ್ಲವಲ್ಲ.

ಕನ್ನಡಿಯಾದರೆ: ಕಣ್ಣಿನಿಂದ ಕನ್ನಡಿಗೆ, ಕನ್ನಡಿಯಿಂದ ಚಾರ್ಟಿಗೆ, ಎರಡೂ ಕೂಡಿ 6 ಮೀಟರ್. ಚಾರ್ಟು ಕೂತವರ ತಲೆಯ ಮೇಲೆ, ಹಿಂದಿನ ಗೋಡೆಯಲ್ಲಿ. ಎರಡೂ ಭಾಗ 3 ಮೀಟರ್ ಆದರೆ ಕನ್ನಡಿ ಚಾರ್ಟಿನ ಅರ್ಧದಷ್ಟು ದೊಡ್ಡದಿದ್ದರೂ ಇಡೀ ಚಾರ್ಟ್ ಕಾಣುತ್ತದೆ, ಕುಳ್ಳರೂ ಎತ್ತರದವರೂ ಬರುವುದರಿಂದ ಸುತ್ತ ಸ್ವಲ್ಪ ಹೆಚ್ಚಿರಲಿ. ಡ್ರೆಸಿಂಗ್ ಟೇಬಲಿನ ಕನ್ನಡಿ ಬೇಡ. ಅಗ್ಗದ ಗಾಜಿನ ಅಲೆಗೆ ಅಕ್ಷರದ ಅಂಚು ಬಾಗುತ್ತದೆ, ಗಿರಾಕಿ ಸಿಲಿಂಡರ್ (ಒಂದು ದಿಕ್ಕಿಗೆ ಮಾತ್ರ ಬೇಕಾಗುವ ಪವರ್) ಇದೆ ಅನ್ನೋ ಹಾಗೆ ಉತ್ತರ ಕೊಡುತ್ತಾರೆ. ಥಂಡಿಗೆ ಹಿಂದಿನ ಲೇಪ ಕಪ್ಪುಗಟ್ಟಿದ್ದರೂ ಬದಲಾಯಿಸಿ.

ಅಕ್ಷರದ ಚಾರ್ಟಾದರೆ ತಿರುಗುಮುರುಗು ಅಚ್ಚಿನದು ಕೇಳಿ ತರಬೇಕು. ಇ ಚಾರ್ಟಿಗೆ ಬೇಕಿಲ್ಲ, ಆದರೆ ಎಡಬಲ ಅದಲುಬದಲಾಗುತ್ತದೆ, ಮೇಲೆಕೆಳಗೆ ಹಾಗೇ ಇರುತ್ತದೆ. ನಿಮ್ಮ ಕೈಯಲ್ಲಿರುವ ಉತ್ತರದ ಹಾಳೆಯನ್ನು ಕನ್ನಡಿ ನೋಡಿ ಬರೆದುಕೊಂಡಿರದಿದ್ದರೆ ಸರಿಯಾಗಿ ಹೇಳಿದವರೂ ನಪಾಸು.

ನೇತ್ರ_ಸಹಾಯಕ (ಮೂಡಿಗೆರೆ):

ಮೇಷ್ಟ್ರೇ, ಒಂದು ಮಾತು ಎಲ್ಲರೂ ಬಿಟ್ಟಿದ್ದಾರೆ. 6/6 ಓದಿದ ಮಕ್ಕಳಲ್ಲಿ ಪ್ಲಸ್ ಪವರಿನವರು ಅಡಗಿರುತ್ತಾರೆ. ಕಣ್ಣಿನ ಉದ್ದ ಸುಮಾರು 24 ಮಿ.ಮೀ., ಒಟ್ಟು ಶಕ್ತಿ 60 ಡಯಾಪ್ಟರ್ ಆಸುಪಾಸು, ಅದರಲ್ಲಿ ಮುಂದಿನ ಪಾರದರ್ಶಕ ಪದರ ಕಾರ್ನಿಯಾ ಒಂದರದ್ದೇ 43. ಉದ್ದ ಒಂದು ಮಿ.ಮೀ. ಹೆಚ್ಚಿದರೆ ಎರಡೂವರೆಯಿಂದ ಮೂರು ಮೈನಸ್, ಕಡಿಮೆಯಾದರೆ ಅಷ್ಟೇ ಪ್ಲಸ್. ಮೈನಸ್ ಇದ್ದವರಿಗೆ ದಾರಿಯಿಲ್ಲ, ದೂರದ್ದು ಮಸುಕೇ. ಪ್ಲಸ್ ಇದ್ದ ಮಗು ಒಳಗಿನ ಲೆನ್ಸ್ ಬಿಗಿದು 10 ಡಯಾಪ್ಟರಿಗೂ ಹೆಚ್ಚು ಶಕ್ತಿ ತಂದುಕೊಳ್ಳಬಲ್ಲದು, ಎರಡು ಡಯಾಪ್ಟರ್ ಅದಕ್ಕೆ ಲೆಕ್ಕಕ್ಕಿಲ್ಲ. ಚಾರ್ಟ್ ಸಲೀಸಾಗಿ ಓದಿ, ಪುಸ್ತಕ ಹಿಡಿದರೆ ತಲೆನೋವು ಅನ್ನುತ್ತದೆ. ಅಂಥವರಿಗೆ +1.50 ಗಾಜು ಹಿಡಿದು 6/9 ಸಾಲು ಓದಿಸಿ. ಮಸುಕಾದರೆ ಸರಿ, ಆ ಗಾಜು ಹಾಕಿಯೂ ಓದಿದರೆ ಆಸ್ಪತ್ರೆಗೆ ಕಳಿಸಿ, ಅಲ್ಲಿ ಕಣ್ಣಿಗೆ ಔಷಧದ ಹನಿ ಹಾಕಿ ಲೆನ್ಸ್ ಸಡಿಲಿಸಿ ನೋಡುತ್ತಾರೆ.

ಮೇಲಿನ ದೊಡ್ಡ ಅಕ್ಷರವೂ ಕಾಣದ ಮಗು ಸಿಕ್ಕಿದರೆ "ಕಾಣಲ್ಲ" ಅಂತ ಬರೆದು ಬಿಡಬೇಡಿ, ಹತ್ತಿರ ಕರೆಯಿರಿ. ನಿಮ್ಮ ಹಾಳೆಯಲ್ಲಿ ಅರ್ಧ ದೂರ, 7 ಅಡಿಗೆ, ಕಂಡರೆ 3/60. 2017ರಿಂದ ನಮ್ಮ ದೇಶದಲ್ಲೂ ಅಂಧತ್ವದ ಗೆರೆ ಅಲ್ಲೇ ಇದೆ: ಒಳ್ಳೆಯ ಕಣ್ಣಿನಲ್ಲಿ 3/60ಕ್ಕಿಂತ ಕಡಿಮೆ. ಅದಕ್ಕೂ ಆಗದಿದ್ದರೆ ಬೆರಳೆಣಿಕೆ, ಕೈಯಾಡಿಸುವುದು, ಟಾರ್ಚಿನ ಬೆಳಕು, ಇದೇ ಕ್ರಮ.

ಆ ಹುಡುಗಿಯ ಚೀಟಿ ಹೀಗೆ ಬರೆಯಿರಿ, ಓದುವ ಡಾಕ್ಟರಿಗೆ ಮತ್ತೆ ಕೇಳುವುದು ಬೀಳಬಾರದು: "ಬಲ 6/12, ಪಿನ್‌ಹೋಲಿನಲ್ಲಿ ಇಷ್ಟು, ಎಡ 6/12, ಪಿನ್‌ಹೋಲಿನಲ್ಲಿ ಇಷ್ಟು. ಕನ್ನಡಕ ಇಲ್ಲದೆ. ಇ ಚಾರ್ಟ್, ದೂರ 14 ಅಡಿ, 6/60 ಅಕ್ಷರ 62 ಮಿ.ಮೀ." ಹಳೇ ಕ್ಯಾಂಪಿನ ಚೀಟಿಯನ್ನೂ ಜೊತೆಗಿಟ್ಟು, ಅದರ ಮೇಲೆ "10 ಅಡಿ, 87 ಮಿ.ಮೀ." ಅಂತ ಗುರುತು ಹಾಕಿ.

ಮಳೆಶಾಲೆ:

ಡ್ರಿಲ್ ಬಿಟ್ ಸಿಕ್ಕಿತು. ಪಿನ್‌ಹೋಲಿನಲ್ಲಿ ಬಲ 6/6, ಎಡ 6/9, ನಾಲ್ಕರಲ್ಲಿ ಮೂರು ಸರಿ. ಹೊರಗೆ ಮೋಡ, ಆದರೆ ಟ್ಯೂಬ್ ಎರಡೂ ಹಾಕಿಯೇ ನೋಡಿದ್ದು. ಚೀಟಿ ಬರೆದೆ. ನಾಳೆ ಅವಳ ಅಪ್ಪನನ್ನು ಸಭಾಭವನಕ್ಕೆ ಕರೆದಿದ್ದೇನೆ, ಟೇಪು ಹಿಡಿದುಕೊಂಡೇ ಹೋಗುತ್ತೇನೆ.